ಸೀಜ್ ಆದ ಕಾರಿನ ಹಳೆ ಬಾಕಿ: ಬಳ್ಳಾರಿಯಲ್ಲಿ ಸಿಗುವ ಸೇವೆಗಳಲ್ಲಿ ಯಾವುದು ಯಾವಾಗ ಕೆಲಸಕ್ಕೆ ಬರುತ್ತದೆ

ಕಾರು ಸೀಜ್ ಆಗಿ, ಯಾರ್ಡ್‌ನಲ್ಲಿ ಬಿದ್ದು, ಹರಾಜಾಗಿ ಏಳೆಂಟು ವರ್ಷ ಕಳೆದ ಮೇಲೂ ಬಾಕಿ ಕೇಳಿ ಫೋನ್ ಬರುವುದು ಬಳ್ಳಾರಿ ಕಡೆ ಹೊಸದೇನಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ ಕಂತು ತಪ್ಪಿದ ಟಿಪ್ಪರ್‌ಗಳಿಂದ ಹಿಡಿದು, ಮೆಣಸಿನಕಾಯಿ ರೇಟು ಬಿದ್ದ ವರ್ಷ ಕೈಬಿಟ್ಟ ಕಾರುಗಳವರೆಗೆ ಇಂಥ ಖಾತೆಗಳು ಬಹಳ. ಈ ಬಾಕಿಯ ವಿಷಯದಲ್ಲಿ ಸಹಾಯ ಕೇಳಬಹುದಾದ ಬಾಗಿಲುಗಳು ಐದಾರು: ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಅದು ನಡೆಸುವ ಲೋಕ ಅದಾಲತ್, ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್, ಸಾಲದ ಇತಿಹಾಸ ದಾಖಲಿಸುವ ಸಿಬಿಲ್ ಮುಂತಾದ ಕ್ರೆಡಿಟ್ ಬ್ಯೂರೋಗಳು, ಗ್ರಾಹಕರ ಆಯೋಗ, ಖಾಸಗಿ ವಕೀಲರು, ಮತ್ತೆ ಮೊಬೈಲ್ ಜಾಹೀರಾತಿನಲ್ಲಿ ಕಾಣಿಸುವ ಸಾಲ ಸೆಟಲ್‌ಮೆಂಟ್ ಕಂಪನಿಗಳು.

ಇವುಗಳಲ್ಲಿ ಮೊದಲನೆಯದು ನಿಜವಾಗಿಯೂ ಒಳ್ಳೆಯ ಸೇವೆ. ಕೊನೆಯದು ಹಳೆ ಬಾಕಿಗೆ ಬೇಡವೇ ಬೇಡ. ಆದರೆ ಒಳ್ಳೆಯ ಸೇವೆಯನ್ನೂ ತಪ್ಪು ಹೊತ್ತಿನಲ್ಲಿ ಬಳಸಿದರೆ, ದಾವೆ ಹೂಡುವ ಕಾಲಮಿತಿ ಮುಗಿದು ಸತ್ತ ಸಾಲಕ್ಕೆ ಜೀವ ಬರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಪ್ರತಿ ಸೇವೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಸಹಿ ಹಾಕಿಸುವ ಮೊದಲು ಇಲ್ಲಿ ಯಾರಾದರೂ ತಾರೀಕು ಕೇಳುತ್ತಾರೆಯೇ?

ಮೊದಲು ತಾರೀಕು

ಹಣದ ಬಾಕಿ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಟ್ಟಿರುವುದು ಮೂರು ವರ್ಷ. ಕಂತಿನ ಸಾಲದಲ್ಲಿ ಪ್ರತಿ ಕಂತಿಗೂ ಅದು ತಪ್ಪಿದ ದಿನದಿಂದ ಲೆಕ್ಕ. ಕಂಪನಿ ಇಡೀ ಸಾಲವನ್ನು ಒಟ್ಟಿಗೆ ಕಟ್ಟಿ ಎಂದು ರೀಕಾಲ್ ನೋಟಿಸ್ ಕೊಟ್ಟಿದ್ದರೆ ಪೂರ್ತಿ ಮೊತ್ತಕ್ಕೆ ಆ ದಿನದಿಂದ ಲೆಕ್ಕ. ಗಾಡಿ ಮಾರಿದ ಮೇಲಷ್ಟೇ ನಷ್ಟ ಎಷ್ಟೆಂದು ಗೊತ್ತಾಗುತ್ತದೆ, ಹಾಗಾಗಿ ಹರಾಜಿನ ದಿನದಿಂದ ಎಣಿಸಬೇಕು ಎಂದು ಕಂಪನಿಯ ವಕೀಲರು ವಾದಿಸುತ್ತಾರೆ. ಯಾರ ವಾದ ಸರಿ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವ ಅಗತ್ಯವಿಲ್ಲ. ಕೊನೆಯ ಕಂತು ಕಟ್ಟಿದ ದಿನ, ರೀಕಾಲ್ ನೋಟಿಸ್, ಸೀಜ್, ಹರಾಜು, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಎಲ್ಲಕ್ಕಿಂತ ಈಚಿನದನ್ನೇ ಹಿಡಿಯಿರಿ. ನಿಮಗೆ ಅತಿ ಪ್ರತಿಕೂಲವಾದ ಆ ತಾರೀಕಿನಿಂದ ಎಣಿಸಿದರೂ ಮೂರು ವರ್ಷ ದಾಟಿದ್ದರೆ ನೆಲ ಗಟ್ಟಿಯಿದೆ ಎಂದರ್ಥ.

ಇಲ್ಲಿ ಎಲ್ಲರೂ ಎಡವುವುದು ಕೋವಿಡ್ ಕಾಲದ ಲೆಕ್ಕದಲ್ಲಿ. ಸುಪ್ರೀಂ ಕೋರ್ಟ್ 2022ರ ಜನವರಿ 10ರ ಆದೇಶದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಎಣಿಕೆಯಿಂದ ಹೊರಗಿಟ್ಟಿದೆ. ಉದಾಹರಣೆಗೆ ಕಾರು ಹರಾಜಾದದ್ದು 2017ರ ಅಕ್ಟೋಬರ್ 15 ಎಂದಿಟ್ಟುಕೊಳ್ಳಿ. ಮೂರು ವರ್ಷ ಮುಗಿಯಬೇಕಿದ್ದದ್ದು 2020ರ ಅಕ್ಟೋಬರ್ ಮಧ್ಯದಲ್ಲಿ. ಮಾರ್ಚ್ 15ಕ್ಕೆ ಇನ್ನೂ ಏಳು ತಿಂಗಳು ಬಾಕಿ ಇತ್ತು. ಆ ಏಳು ತಿಂಗಳು 2022ರ ಮಾರ್ಚ್ 1ರಿಂದ ಮತ್ತೆ ಓಡಿ, ಅವಧಿ ಮುಗಿದದ್ದು 2022ರ ಅಕ್ಟೋಬರ್ ಮೊದಲ ದಿನಗಳಲ್ಲಿ. ಇದೇ ಲೆಕ್ಕವನ್ನು ಕೊನೆತನಕ ಎಳೆದರೆ ಒಂದು ಸುಲಭದ ಗುರುತು ಸಿಗುತ್ತದೆ. ಕಂತು ತಪ್ಪಿದ್ದು, ರೀಕಾಲ್, ಸೀಜ್, ಹರಾಜು ಎಲ್ಲವೂ 2022ರ ಫೆಬ್ರವರಿ ಅಂತ್ಯದೊಳಗೆ ಆಗಿದ್ದು, ಆಮೇಲೆ ನೀವು ಏನನ್ನೂ ಕಟ್ಟದೆ, ಯಾವುದಕ್ಕೂ ಸಹಿ ಹಾಕದೆ ಇದ್ದು, ಕಂಪನಿಯೂ ಕೇಸು ಅಥವಾ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ನಡೆಯುವ ವಿಚಾರಣೆ) ಶುರು ಮಾಡಿಲ್ಲದಿದ್ದರೆ, ದಾವೆಯ ಅವಧಿ ಎಷ್ಟೇ ತಡವೆಂದರೂ 2025ರ ಫೆಬ್ರವರಿ ಕೊನೆಗೆ ಮುಗಿದಿದೆ.

ಮುಗಿಯಿತು ಎಂದರೆ ಸಾಲವೇ ಇಲ್ಲವಾಯಿತು ಎಂದಲ್ಲ. ಕೋರ್ಟಿನ ಮೂಲಕ ವಸೂಲು ಮಾಡುವ ದಾರಿ ಮುಚ್ಚಿತು, ಅಷ್ಟೆ. ಕಂಪನಿ ಫೋನ್ ಮಾಡಿ ಕೇಳಬಹುದು, ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಲೆ ಉಳಿಯಬಹುದು.

ಆ ಮುಚ್ಚಿದ ದಾರಿ ತೆರೆಯುವುದು ನಿಮ್ಮ ಸಹಿಯಿಂದ. ಅವಧಿ ಇನ್ನೂ ಇರುವಾಗ ಬಾಕಿ ಒಪ್ಪಿಕೊಂಡು ಬರೆದು ಸಹಿ ಹಾಕಿದರೆ ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ ಆ ದಿನದಿಂದ ಹೊಸ ಮೂರು ವರ್ಷ. ಅವಧಿ ಇರುವಾಗಲೇ ಸ್ವಲ್ಪ ಹಣ ಕಟ್ಟಿ, ಕಟ್ಟಿದ್ದಕ್ಕೆ ನಿಮ್ಮ ಬರಹ ಅಥವಾ ಸಹಿ ಇದ್ದರೆ 19ನೇ ಕಲಂ ಪ್ರಕಾರವೂ ಹಾಗೆಯೇ. ಅವಧಿ ಮುಗಿದ ಮೇಲೆ ಬರೀ ಒಪ್ಪಿಗೆಯಿಂದ ಸಾಲಕ್ಕೆ ಜೀವ ಬರುವುದಿಲ್ಲ, ಆದರೆ ‘ಇಂತಿಷ್ಟು ಕಟ್ಟುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ 25(3)ನೇ ಕಲಂ ಪ್ರಕಾರ ಅದು ಹೊಸ ಕರಾರು. ಕಂತಿನಲ್ಲಿ ಕಟ್ಟುವ ಸೆಟಲ್‌ಮೆಂಟ್ ಪತ್ರ ಎಂದು ರಿಕವರಿಯವರು ಕಳಿಸುವ ಕಾಗದ ಬಹುತೇಕ ಇದೇ. ‘ಫೈಲ್ ಕ್ಲೋಸ್ ಮಾಡೋಕೆ ಒಂದು ಸಾವಿರ ಟೋಕನ್ ಹಾಕಿ’ ಎನ್ನುವ ಒತ್ತಾಯದ ಹಿಂದೆಯೂ ಈ ಲೆಕ್ಕವೇ ಇರುತ್ತದೆ. ವಾಟ್ಸಾಪ್‌ನಲ್ಲಿ ‘ಸುಗ್ಗಿ ಆದ ಮೇಲೆ ಕಟ್ಟುತ್ತೇನೆ’ ಎಂದು ಬರೆಯುವುದೂ ಬೇಡ. ಅದನ್ನು ಪ್ರಿಂಟ್ ತೆಗೆದು ಒಪ್ಪಿಗೆ ಎಂದು ತೋರಿಸಲು ಪ್ರಯತ್ನ ಆಗಿಯೇ ಆಗುತ್ತದೆ.

ಕಣ್ಣಿಗೆ ಬೀಳದ ಆರ್ಬಿಟ್ರೇಷನ್ ಅವಾರ್ಡ್

ಮೂರು ವರ್ಷದ ಲೆಕ್ಕ ಸರಿಯಾಗಿದ್ದೂ ಜನ ಸಿಕ್ಕಿಬೀಳುವುದು ಇಲ್ಲಿ. ವಾಹನ ಸಾಲದ ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತು ಬಹುತೇಕ ಇರುತ್ತದೆ, ಜಾಗ ಸಾಮಾನ್ಯವಾಗಿ ಚೆನ್ನೈ, ಮುಂಬೈ ಅಥವಾ ಬೆಂಗಳೂರು. ನೋಟಿಸ್ ಹೋಗುವುದು ಕರಾರಿನಲ್ಲಿರುವ ಹಳೆ ವಿಳಾಸಕ್ಕೆ. ಕೌಲ್ ಬಜಾರಿನ ಬಾಡಿಗೆ ಮನೆ ಬಿಟ್ಟು ಬೇರೆ ಕಡೆ ಹೋಗಿದ್ದರೆ ಕವರ್ ವಾಪಸ್ ಹೋಗುತ್ತದೆ. ಆದರೂ ಕೊನೆಗೆ ಗೊತ್ತಿದ್ದ ವಿಳಾಸಕ್ಕೆ ಕಳಿಸಿದ್ದನ್ನು ತಲುಪಿದಂತೆಯೇ ಎಂದು ಪರಿಗಣಿಸಲು 1996ರ ಆರ್ಬಿಟ್ರೇಷನ್ ಕಾಯ್ದೆಯ 3ನೇ ಕಲಂನಲ್ಲಿ ಅವಕಾಶವಿದೆ. ನೀವಿಲ್ಲದೆಯೇ ಅವಾರ್ಡ್, ಅಂದರೆ ಆರ್ಬಿಟ್ರೇಟರ್ ತೀರ್ಪು, ಆಗಿಬಿಡುತ್ತದೆ. ಅವಾರ್ಡ್ ಜಾರಿಗೆ ಕೋರ್ಟಿನ ಡಿಕ್ರಿಯ ಹಾಗೆ ಹನ್ನೆರಡು ವರ್ಷ ಕಾಲಾವಕಾಶ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಚೆನ್ನೈಯಲ್ಲಿ ಆದ ಅವಾರ್ಡನ್ನು ಅಲ್ಲಿನ ಕೋರ್ಟಿನಿಂದ ವರ್ಗಾಯಿಸಿಕೊಳ್ಳದೆ ನೇರವಾಗಿ ಬಳ್ಳಾರಿಯಲ್ಲೇ ಜಾರಿಗೆ ಹಾಕಬಹುದು.

ಆದ್ದರಿಂದ ಯಾವ ಸೇವೆಯ ಬಾಗಿಲು ತಟ್ಟುವ ಮೊದಲೂ ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ತೆರೆಯಿರಿ. ಕರ್ನಾಟಕ, ಬಳ್ಳಾರಿ, ಕೋರ್ಟ್ ಸಮುಚ್ಚಯ, ಕಕ್ಷಿದಾರರ ಹೆಸರು, ವರ್ಷ. ಹೀಗೆ ವರ್ಷ ವರ್ಷವೂ ಬೇರೆ ಬೇರೆಯಾಗಿ ಹುಡುಕಬೇಕು. ಇಂಗ್ಲಿಷ್‌ನಲ್ಲಿ ಹೆಸರು ಬರೆಯುವ ರೀತಿ ಬದಲಾದರೆ ಫಲಿತಾಂಶ ಬರುವುದಿಲ್ಲ. ಬಸವರಾಜ, ಬಸವರಾಜು, ಬಸವರಾಜಪ್ಪ ಎಂದು ಮೂರು ನಾಲ್ಕು ಬಗೆಯಲ್ಲಿ ಹಾಕಿ, ಫೈನಾನ್ಸ್ ಕಂಪನಿಯ ಹೆಸರಿನಿಂದಲೂ ಹುಡುಕಿ. ಜಾಮೀನು ಹಾಕಿದವರ ಹೆಸರನ್ನು ಮರೆಯಬೇಡಿ. ಕಾನೂನಿನಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ, ಎಷ್ಟೋ ಬಾರಿ ಜಾರಿ ಅರ್ಜಿಯಲ್ಲಿ ಸಂಬಳ ಇರುವ ಜಾಮೀನುದಾರನನ್ನೇ ಹಿಡಿಯುತ್ತಾರೆ. ಕೇಸು ಸಿಕ್ಕರೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಕೆಲಸಕ್ಕೂ ಅದೇ ಬೇಕು.

ಇ-ಕೋರ್ಟ್ಸ್ ಸೇವೆಗೆ ನಮ್ಮ ಅಂಕ ಎತ್ತರದ್ದು. ದುಡ್ಡಿಲ್ಲ, ಯಾರಿಗೂ ಹೇಳಬೇಕಿಲ್ಲ, ಸಹಿ ಇಲ್ಲ. ಕೊರತೆ ಒಂದೇ: ಆರ್ಬಿಟ್ರೇಟರ್ ಮುಂದೆ ಇನ್ನೂ ನಡೆಯುತ್ತಿರುವ ವಿಚಾರಣೆ ಇದರಲ್ಲಿ ಕಾಣುವುದಿಲ್ಲ, ಕೋರ್ಟಿಗೆ ಬಂದದ್ದು ಮಾತ್ರ ಕಾಣುತ್ತದೆ.

ಕಾನೂನು ಸೇವಾ ಪ್ರಾಧಿಕಾರ ಮತ್ತು ಲೋಕ ಅದಾಲತ್

1987ರ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಇರುವ ಈ ಪ್ರಾಧಿಕಾರ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಜಿಲ್ಲಾ ಕೋರ್ಟಿನ ಜೊತೆಗೇ ಕೆಲಸ ಮಾಡುತ್ತದೆ. ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಉಂಟು. ಅರ್ಜಿಗೆ ಶುಲ್ಕವಿಲ್ಲ. ಸಹಾಯವಾಣಿ 15100.

ಇಲ್ಲಿ ಎರಡು ಬೇರೆ ಬೇರೆ ಸೇವೆಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ತೊಂದರೆ. ಒಂದು ಕಾನೂನು ಸಲಹೆ ಮತ್ತು ಉಚಿತ ವಕೀಲರು. ಇನ್ನೊಂದು ಲೋಕ ಅದಾಲತ್‌ನಲ್ಲಿ ರಾಜಿ. ಹಳೆ ಬಾಕಿಯವರು ಮೊದಲನೆಯದಕ್ಕೆ ಹೋಗಬೇಕು. ತಾರೀಕಿನ ಹಾಳೆ ಹಿಡಿದುಕೊಂಡು ಹೋಗಿ ‘ಇದಕ್ಕೆ ಕಾಲಮಿತಿ ಇದೆಯೇ’ ಎಂದು ನೇರವಾಗಿ ಕೇಳಿದರೆ ಪ್ಯಾನೆಲ್ ವಕೀಲರು ಕಾಗದ ನೋಡಿ ಹೇಳಬಲ್ಲರು. ಕೇಳದೆ ‘ಸಾಲ ಇದೆ, ಮುಗಿಸಿಕೊಡಿ’ ಎಂದರೆ ಫೈಲು ನೇರ ರಾಜಿಯ ಮೇಜಿಗೆ ಹೋಗುತ್ತದೆ, ಏಕೆಂದರೆ ಲೋಕ ಅದಾಲತ್ ಇರುವುದೇ ರಾಜಿಗಾಗಿ.

ಲೋಕ ಅದಾಲತ್‌ಗೆ ಮುಂಚೆ ಕಂಪನಿಗಳ ಅರ್ಜಿಯ ಮೇಲೆ ಹೊರಡುವ ಪೂರ್ವ-ದಾವೆ ನೋಟಿಸ್ ನೋಡಿ ಕೋರ್ಟ್ ಸಮನ್ಸ್ ಎಂದು ಹೆದರುವವರು ಬಹಳ. ಮೇಲೆ ಪ್ರಾಧಿಕಾರದ ಹೆಸರು, ಕೆಳಗೆ ಮುದ್ರೆ, ನಡುವೆ ಶನಿವಾರದ ತಾರೀಕು ಮತ್ತು ಒಂದು ಪಿಎಲ್‌ಸಿ (ಪೂರ್ವ-ದಾವೆ ಪ್ರಕರಣ) ಸಂಖ್ಯೆ. ‘ಪೂರ್ವ-ದಾವೆ’ ಎಂದಿದ್ದರೆ ಕೇಸು ಇನ್ನೂ ದಾಖಲಾಗಿಲ್ಲ ಎಂದೇ ಅರ್ಥ. ಅದು ರಾಜಿಗೆ ಆಹ್ವಾನ. ಹೋಗದಿದ್ದರೆ ನಿಮ್ಮ ವಿರುದ್ಧ ಆದೇಶ ಆಗುವುದಿಲ್ಲ. ಲೋಕ ಅದಾಲತ್‌ಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಎರಡೂ ಕಡೆ ಒಪ್ಪಿದ್ದನ್ನು ದಾಖಲಿಸುವ ಅಧಿಕಾರ ಮಾತ್ರ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಕೇಸ್ ನಂಬರ್ ಇರುವ, ಕೋರ್ಟ್ ಹೆಸರಿರುವ ಸಮನ್ಸ್ ಬಂದರೆ ಹೋಗಲೇಬೇಕು. ನೋಟಿಸ್ ಕೈಗೆ ಬಂದ ಕೂಡಲೇ ಈ ಎರಡರಲ್ಲಿ ಯಾವುದೆಂದು ನೋಡಿಕೊಳ್ಳಿ.

ಕಾಲಮಿತಿ ದಾಟಿದ ಬಾಕಿಗೆ ಲೋಕ ಅದಾಲತ್‌ನಲ್ಲಿ ಸಹಿ ಹಾಕಿದರೆ ಏನಾಗುತ್ತದೆ? ಅಲ್ಲಿನ ಅವಾರ್ಡ್ ಸಿವಿಲ್ ಕೋರ್ಟ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ನಿನ್ನೆಯವರೆಗೆ ದಾವೆಯೇ ಹೂಡಲಾಗದಿದ್ದ ಬಾಕಿ ಇವತ್ತು ಹನ್ನೆರಡು ವರ್ಷ ಜಾರಿ ಮಾಡಬಹುದಾದ ಡಿಕ್ರಿ ಆಗುತ್ತದೆ. ಇದು ಪ್ರಾಧಿಕಾರದ ತಪ್ಪಲ್ಲ, ರಾಜಿಯ ಸ್ವಭಾವವೇ ಹಾಗೆ. ಆದರೂ ಪೂರ್ವ-ದಾವೆ ಅರ್ಜಿಯ ನಮೂನೆಯಲ್ಲಿ ಕೊನೆಯ ಕಂತಿನ ಮತ್ತು ಹರಾಜಿನ ತಾರೀಕಿಗೆ ಒಂದು ಕಡ್ಡಾಯ ಸಾಲು ಇದ್ದರೆ ಎಷ್ಟೋ ಬಡವರು ಉಳಿಯುತ್ತಾರೆ. ಈ ಸೇವೆಯಲ್ಲಿ ಆಗಬೇಕಾದ ಸುಧಾರಣೆ ನಮ್ಮ ಲೆಕ್ಕದಲ್ಲಿ ಇದೊಂದೇ.

ಬಾಕಿ ಇನ್ನೂ ಜೀವಂತವಾಗಿದ್ದರೆ, ಅಥವಾ ಅವಾರ್ಡ್ ಆಗಿ ಜಾರಿಗೆ ಬಂದಿದ್ದರೆ, ಆಗ ಮಾತ್ರ ಲೋಕ ಅದಾಲತ್‌ನಂಥ ಜಾಗ ಇನ್ನೊಂದಿಲ್ಲ. ವರ್ಷಕ್ಕೆ ನಾಲ್ಕು ಬಾರಿ ರಾಷ್ಟ್ರೀಯ ಲೋಕ ಅದಾಲತ್ ನಡೆಯುತ್ತದೆ. ಆ ದಿನ ಕಂಪನಿಯ ಪ್ರತಿನಿಧಿ ರಿಯಾಯಿತಿ ಕೊಡುವ ಅಧಿಕಾರ ಇಟ್ಟುಕೊಂಡು ಬಂದಿರುತ್ತಾನೆ. ಕೇಸು ದಾಖಲಾಗಿದ್ದರೆ ಹಾಕಿದವರಿಗೆ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ, ಹಾಗಾಗಿ ಅವರಿಗೂ ರಾಜಿಯಲ್ಲಿ ಲಾಭ. ಜಂಟಿ ಮೆಮೊಗೆ, ಅಂದರೆ ಎರಡೂ ಕಡೆಯ ರಾಜಿ ಪತ್ರಕ್ಕೆ, ಸಹಿ ಹಾಕುವ ಮೊದಲು ಪ್ರತಿ ಸಾಲು ಓದಿಸಿಕೊಳ್ಳಿ. ಮೊತ್ತ ಅಕ್ಷರದಲ್ಲಿ ಇರಬೇಕು. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಮಾತು ಇರಬೇಕು. ಜಾಮೀನುದಾರನ ಬಿಡುಗಡೆ, ಭದ್ರತೆಗೆ ಕೊಟ್ಟ ಖಾಲಿ ಚೆಕ್ಕುಗಳ ಸಂಖ್ಯೆ ಬರೆದು ವಾಪಸಾತಿ, ಬಾಕಿಯಿಲ್ಲದ ಪತ್ರಕ್ಕೆ ದಿನಾಂಕ, ಕ್ರೆಡಿಟ್ ಬ್ಯೂರೋಗೆ ಮಾಹಿತಿ ಕಳಿಸುವ ಗಡುವು ಕೂಡ. ಒಂದು ವಾಕ್ಯದ ಬಗ್ಗೆ ಮಾತ್ರ ವಿಶೇಷ ಎಚ್ಚರಿಕೆ ಬೇಕು: ‘ಒಂದು ಕಂತು ತಪ್ಪಿದರೆ ಮೂಲ ಮೊತ್ತ ಪೂರ್ತಿ ಬಡ್ಡಿ ಸಮೇತ ವಸೂಲು’. ಕಂತಿನಲ್ಲಿ ಕಟ್ಟುವ ರಾಜಿಗಳಲ್ಲಿ ಇದು ಬಹುತೇಕ ಇರುತ್ತದೆ, ಒಂದೇ ಒಂದು ಕಂತು ತಡವಾದರೂ ರಿಯಾಯಿತಿ ಹೋಯಿತು. ಸಾಧ್ಯವಿದ್ದರೆ ಕಡಿಮೆ ಮೊತ್ತಕ್ಕೆ ಒಂದೇ ಬಾರಿ ಕಟ್ಟುವ ರಾಜಿ ಮಾಡಿಕೊಳ್ಳಿ. ಇಲ್ಲವೇ ಕಂತಿನ ತಾರೀಕನ್ನು ಭತ್ತ, ಮೆಣಸಿನಕಾಯಿ ಮಾರಾಟದ ತಿಂಗಳಿಗೆ ಇಡಿಸಿಕೊಳ್ಳಿ. ಕೇಳಿದರೆ ಒಪ್ಪಬಹುದು.

ಲೆಕ್ಕಪಟ್ಟಿ ತರಿಸಿಕೊಳ್ಳುವುದು

ರಾಜಿಗೆ ಕೂರುವವರು ಬಾಕಿಯ ಮೊತ್ತವನ್ನು ಹಾಗೇ ಒಪ್ಪಬಾರದು. ಕಂಪನಿಗೆ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಪತ್ರ ಬರೆದು ಇವಿಷ್ಟು ಕೇಳಬೇಕು: ಸಾಲದ ಕರಾರಿನ ಪ್ರತಿ, ಸಾಲ ಕೊಟ್ಟ ದಿನದಿಂದ ಇಂದಿನವರೆಗಿನ ಖಾತೆ ಪಟ್ಟಿ, ರೀಕಾಲ್ ನೋಟಿಸ್, ಸೀಜ್ ಮಾಡುವಾಗ ಪೊಲೀಸರಿಗೆ ಕೊಟ್ಟ ಮಾಹಿತಿ, ಗಾಡಿಯ ಸ್ಥಿತಿ ಬರೆದ ಇನ್ವೆಂಟರಿ, ಮೌಲ್ಯಮಾಪನ ವರದಿ, ಮಾರಾಟಕ್ಕೆ ಮುಂಚಿನ ನೋಟಿಸ್, ಬಿಡ್‌ಗಳ ವಿವರ, ಮಾರಿದ ದಿನ ಮತ್ತು ಬೆಲೆ. ಬಾಕಿಯನ್ನು ಬೇರೆ ಕಂಪನಿಗೆ ಮಾರಿದ್ದರೆ ವರ್ಗಾವಣೆಯ ದಾಖಲೆಯನ್ನೂ ಕೇಳಿ. ಆಸ್ತಿ ವರ್ಗಾವಣೆ ಕಾಯ್ದೆಯ 130ನೇ ಕಲಂ ಪ್ರಕಾರ ಆ ವರ್ಗಾವಣೆ ಲಿಖಿತವಾಗಿ ಸಹಿಯೊಂದಿಗೆ ಇರಬೇಕು, ಮತ್ತು 132ನೇ ಕಲಂ ಪ್ರಕಾರ ಕೊಂಡವನು ಹಳೆ ಕಂಪನಿಗಿದ್ದ ದೋಷಗಳ ಸಮೇತವೇ ಕೊಂಡಿರುತ್ತಾನೆ. ಹಳೆಯವರ ಕಾಲಮಿತಿ ಮುಗಿದಿದ್ದರೆ ಹೊಸಬರಿಗೂ ಮುಗಿದಂತೆ.

ಪತ್ರದ ಮೊದಲ ಸಾಲಿನಲ್ಲೇ ಹೀಗೆ ಬರೆಯಿರಿ: ‘ಈ ಪತ್ರದಲ್ಲಿ ನಾನು ಯಾವುದೇ ಬಾಕಿಯನ್ನು ಒಪ್ಪಿಕೊಂಡಿಲ್ಲ. ನೀವು ಕೇಳುತ್ತಿರುವ ಮೊತ್ತಕ್ಕೆ ಆಧಾರ ತಿಳಿಯಲು ಮಾತ್ರ ದಾಖಲೆ ಕೇಳುತ್ತಿದ್ದೇನೆ.’ ‘ನನ್ನ ಬಾಕಿ’, ‘ನಾನು ಕಟ್ಟಬೇಕಾದ ಹಣ’ ಎನ್ನುವ ಪದಗಳು ಎಲ್ಲಿಯೂ ಬೇಡ. ‘ನೀವು ಹೇಳುತ್ತಿರುವ ಮೊತ್ತ’ ಎಂದೇ ಇರಲಿ.

ಪಟ್ಟಿ ಬಂದ ಮೇಲೆ ಮೊದಲು ನೋಡಬೇಕಾದದ್ದು ಮಾರಾಟದ ಹಣ ಜಮಾ ಆದ ಸಾಲು. ಒಂದು ಉದಾಹರಣೆ. ಸೀಜ್ ಆದ ದಿನ ಉಳಿದಿದ್ದದ್ದು 4,10,000 ರೂಪಾಯಿ, ಸೀಜ್ ಮತ್ತು ಯಾರ್ಡ್ ಖರ್ಚು 18,000, ಕಾರು ಮಾರಿದ್ದು 2,35,000ಕ್ಕೆ ಎಂದುಕೊಳ್ಳಿ. ನಿಜವಾದ ಕೊರತೆ 1,93,000. ನೋಟಿಸ್‌ನಲ್ಲಿ 6,80,000 ಎಂದಿದ್ದರೆ ನಡುವಿನ 4,87,000 ಎಲ್ಲಿಂದ ಬಂತು? ಸಾಮಾನ್ಯವಾಗಿ ಮೂರು ಕಡೆಯಿಂದ. ಮಾರಾಟದ ಹಣ ಜಮಾ ಆದದ್ದು ಹರಾಜಾಗಿ ತಿಂಗಳುಗಟ್ಟಲೆ ಆದ ಮೇಲೆ, ಅಲ್ಲಿಯವರೆಗೆ ಪೂರ್ತಿ ಮೊತ್ತಕ್ಕೆ ಬಡ್ಡಿ ಓಡಿರುತ್ತದೆ. ಕಾರು ಹೋದ ಮೇಲೂ ಮುಂದಿನ ಕಂತುಗಳ ಬೌನ್ಸ್ ಶುಲ್ಕ ತಿಂಗಳು ತಿಂಗಳು ಬಿದ್ದಿರುತ್ತದೆ. ದಂಡದ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕಿರುತ್ತಾರೆ. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ಅದನ್ನು ಅಸಲಿಗೆ ಸೇರಿಸಿ ಬಡ್ಡಿ ಎಣಿಸಬಾರದು ಎಂದು ಆರ್‌ಬಿಐ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಹೇಳಿದೆ. ಅದು ಜಾರಿಗೆ ಬಂದದ್ದು 2024ರಲ್ಲಿ, ಅದಕ್ಕೂ ಹಿಂದಿನ ಅವಧಿಗೆ ಕರಾರಿನ ಷರತ್ತನ್ನೇ ನೋಡಬೇಕು. ರಾಜಿಯ ಮೇಜಿನಲ್ಲಿ ಚೌಕಾಸಿ 6,80,000ದಿಂದ ಕೆಳಗಿಳಿಯಬಾರದು, 1,93,000ದಿಂದ ಶುರುವಾಗಬೇಕು. ‘ಅರ್ಧಕ್ಕೆ ಬಿಡ್ತೀವಿ’ ಎಂಬ 3,40,000ದ ಆಫರ್ ನಿಜವಾದ ಕೊರತೆಗಿಂತ ದೊಡ್ಡದು.

ಆರ್‌ಬಿಐ ಒಂಬುಡ್ಸ್‌ಮನ್

ಇದು ಉಚಿತ, ದೂರು ಆನ್‌ಲೈನ್‌ನಲ್ಲೇ ಹಾಕಬಹುದು, 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಮುಂದಿನ ಹೆಜ್ಜೆ. ವಕೀಲರ ಮೂಲಕ ಹಾಕಿದರೆ ತಗೊಳ್ಳುವುದಿಲ್ಲ, ನೀವೇ ಹಾಕಬೇಕು.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ನಿರಾಸೆಯಾಗದು. ಸಾಲ ಎಷ್ಟು ಬಿಡಬೇಕು ಎನ್ನುವುದು ಕಂಪನಿಯ ವ್ಯಾಪಾರದ ತೀರ್ಮಾನ, ಒಂಬುಡ್ಸ್‌ಮನ್ ಅದರಲ್ಲಿ ಕೈಹಾಕುವುದಿಲ್ಲ. ಕೋರ್ಟ್ ಅಥವಾ ಆರ್ಬಿಟ್ರೇಟರ್ ಮುಂದಿರುವ ವಿಷಯವನ್ನೂ ಮುಟ್ಟುವುದಿಲ್ಲ. ಲೆಕ್ಕಪಟ್ಟಿ ಕೊಡದಿರುವುದು, ಹಣ ಕಟ್ಟಿದ ಮೇಲೂ ಬಾಕಿಯಿಲ್ಲದ ಪತ್ರ ಕೊಡದಿರುವುದು, ರಿಕವರಿ ಏಜೆಂಟರ ಕಿರುಕುಳ, ಇಂಥದ್ದಕ್ಕೆ ಇದು ಬಹಳ ಪರಿಣಾಮಕಾರಿ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು, ನೆಂಟರಿಗೆ ಸ್ನೇಹಿತರಿಗೆ ಫೋನ್ ಮಾಡಿ ಮಾನ ಕಳೆಯಬಾರದು ಎಂದು ಆರ್‌ಬಿಐ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಏಜೆಂಟನ ನಡತೆಗೆ ಕಂಪನಿಯೇ ಹೊಣೆ. ದೂರಿಗೆ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್, ರೆಕಾರ್ಡಿಂಗ್, ನೆಂಟರಿಗೆ ಬಂದ ಮೆಸೇಜ್ ಸೇರಿಸಿ. ‘ಕಿರುಕುಳ ಕೊಡುತ್ತಾರೆ’ ಎಂಬ ಒಂದು ಸಾಲಿನ ದೂರಿಗಿಂತ ತಾರೀಕು, ಸಮಯ, ನಂಬರ್ ಬರೆದ ಆರು ಸಾಲು ಹೆಚ್ಚು ಕೆಲಸ ಮಾಡುತ್ತವೆ. ಬೆದರಿಕೆ ಹಾಕಿದರೆ ಅದು ಒಂಬುಡ್ಸ್‌ಮನ್ ವಿಷಯ ಮಾತ್ರವಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಅಡಿ ಠಾಣೆಗೆ ದೂರು ಕೊಡಿ.

ವಾಟ್ಸಾಪ್‌ನಲ್ಲಿ ‘ಅರೆಸ್ಟ್ ವಾರಂಟ್’ ಎಂದು ಕಳಿಸುವ ಪಿಡಿಎಫ್‌ಗಳನ್ನು ನೋಡಿ ಹೆದರಬೇಡಿ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಚೆಕ್ ಬೌನ್ಸ್ ಮಾತ್ರ ಬೇರೆ ವಿಷಯ: ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನದೊಳಗೆ ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೇಸು. ಹಳೆಯ ಭದ್ರತಾ ಚೆಕ್ಕನ್ನು ಈಗ ತುಂಬಿ ಬ್ಯಾಂಕಿಗೆ ಹಾಕಿದರೆ ಆ 15 ದಿನಗಳೊಳಗೆ ವಕೀಲರಿಂದ ಉತ್ತರ ಹೋಗಲೇಬೇಕು. ಹಾಕಿದ ದಿನಕ್ಕೆ ಕಾನೂನಿನಲ್ಲಿ ವಸೂಲು ಮಾಡಬಹುದಾದ ಸಾಲ ಇರಲಿಲ್ಲ ಎನ್ನುವುದು ಆ ಉತ್ತರದ ಮೊದಲ ಮಾತಾಗಬೇಕು.

ಖಾಸಗಿ ವಕೀಲರು ಯಾವಾಗ ಬೇಕೇ ಬೇಕು

ಮೂರು ಸಂದರ್ಭದಲ್ಲಿ ದುಡ್ಡು ಉಳಿಸಲು ನೋಡಬೇಡಿ. ಕೋರ್ಟ್ ಸಮನ್ಸ್ ಬಂದಾಗ, ಆರ್ಬಿಟ್ರೇಷನ್ ನೋಟಿಸ್ ಬಂದಾಗ, ಜಾರಿ ಅರ್ಜಿಯ ನೋಟಿಸ್ ಬಂದಾಗ. ಕಾಲಮಿತಿ ಮೀರಿದ ದಾವೆಯನ್ನು ಪ್ರತಿವಾದಿ ಹೇಳದಿದ್ದರೂ ಕೋರ್ಟ್ ವಜಾ ಮಾಡಬೇಕು ಎಂದು ಕಾಲಮಿತಿ ಕಾಯ್ದೆಯ 3ನೇ ಕಲಂ ಹೇಳುತ್ತದೆ, ನಿಜ. ಆದರೆ ನೀವು ಹಾಜರಾಗದಿದ್ದರೆ ಕಂಪನಿ ತೋರಿಸಿದ ತಾರೀಕೇ ಕೊನೆಯ ಮಾತಾಗುತ್ತದೆ. ಸಮ್ಮರಿ ದಾವೆಯಾದರೆ (ಬೇಗ ತೀರ್ಮಾನವಾಗುವ ಬಗೆಯ ದಾವೆ) ಹಾಜರಾಗಲು ಹತ್ತೇ ದಿನ.

ಆರ್ಬಿಟ್ರೇಷನ್ ನೋಟಿಸ್‌ಗೆ ಉತ್ತರದಲ್ಲಿ ಕಾಲಮಿತಿಯ ಜೊತೆ ಇನ್ನೊಂದು ಆಕ್ಷೇಪ ಇರಲಿ: ಕಂಪನಿ ತಾನೊಬ್ಬನೇ ಆರಿಸಿದ ಆರ್ಬಿಟ್ರೇಟರ್‌ಗೆ ಒಪ್ಪಿಗೆ ಇಲ್ಲ. ಹೀಗೆ ಏಕಪಕ್ಷೀಯವಾಗಿ ನೇಮಿಸುವುದು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಿವಾದ ಹುಟ್ಟಿದ ಮೇಲೆ ನೀವು ಲಿಖಿತವಾಗಿ ಒಪ್ಪಿದರೆ ಮಾತ್ರ ಆ ಆಕ್ಷೇಪ ಬಿಟ್ಟುಕೊಟ್ಟಂತೆ. ಆದ್ದರಿಂದ ‘ಆರ್ಬಿಟ್ರೇಟರ್‌ಗೆ ನನ್ನ ಸಮ್ಮತಿ ಇದೆ’ ಎಂಬ ಅಚ್ಚು ಹಾಕಿದ ಫಾರಂ ಜೊತೆಗೆ ಬಂದಿದ್ದರೆ ಸಹಿ ಹಾಕದೆ ಹಾಗೇ ಇಟ್ಟುಕೊಳ್ಳಿ. ಅವಾರ್ಡ್ ಆಗಿದ್ದರೆ ಸಹಿ ಇರುವ ಪ್ರತಿ ಕೈಗೆ ಬಂದ ಮೂರು ತಿಂಗಳೊಳಗೆ ಅದನ್ನು ರದ್ದು ಮಾಡಲು ಕೋರಿ ಆರ್ಬಿಟ್ರೇಷನ್ ಕಾಯ್ದೆಯ 34ನೇ ಕಲಂ ಅರ್ಜಿ ಹಾಕಬೇಕು. ಸಕಾರಣ ಇದ್ದರೆ ಇನ್ನು 30 ದಿನ, ಅದರಾಚೆಗೆ ಒಂದು ದಿನವೂ ಇಲ್ಲ.

ಜಾರಿ ಅರ್ಜಿಯಲ್ಲಿ ಎಲ್ಲವನ್ನೂ ಜಪ್ತಿ ಮಾಡಲು ಬರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನಲ್ಲಿ ರೈತನ ಉಳುಮೆಯ ಸಲಕರಣೆ, ಎತ್ತು, ವಾಸದ ಮನೆಗೆ ರಕ್ಷಣೆ ಇದೆ. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಹಣದ ಡಿಕ್ರಿಗೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ.

ಸೆಟಲ್‌ಮೆಂಟ್ ಕಂಪನಿಗಳು, ಗ್ರಾಹಕರ ಆಯೋಗ

ಸಾಲ ಸೆಟಲ್‌ಮೆಂಟ್ ಮಾಡಿಸುವುದಾಗಿ ಹೇಳುವ ಕಂಪನಿಗಳು ಮುಂಗಡ ಶುಲ್ಕ, ತಿಂಗಳ ಶುಲ್ಕ, ಕೊನೆಗೆ ‘ಉಳಿಸಿಕೊಟ್ಟ’ ಮೊತ್ತದ ಮೇಲೆ ಕಮಿಷನ್ ಕೇಳುತ್ತವೆ. ಮೇಲಿನ ಉದಾಹರಣೆಯನ್ನೇ ನೋಡಿ: 6,80,000ದ ಬಾಕಿ 3,40,000ಕ್ಕೆ ಇಳಿಯಿತು ಎಂದು ಕಮಿಷನ್ ತಗೊಂಡರೆ, ಇಲ್ಲದ ಬಾಕಿಯನ್ನು ಇಳಿಸಿದ್ದಕ್ಕೆ ನೀವು ಹಣ ಕೊಟ್ಟಂತಾಯಿತು. ಇವರ ದುಡಿಮೆ ನಿಂತಿರುವುದೇ ಸೆಟಲ್‌ಮೆಂಟ್ ಪತ್ರದ ಮೇಲೆ. ‘ಇದಕ್ಕೆ ಕಾಲಮಿತಿ ಮುಗಿದಿದೆ, ಏನೂ ಮಾಡಬೇಡಿ’ ಎಂದು ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಲೋಕ ಅದಾಲತ್‌ನಲ್ಲಿ ಬಿಡಿಗಾಸಿಲ್ಲದೆ ಆಗುವ ಕೆಲಸಕ್ಕೆ ಇವರ ಅಗತ್ಯ ನಮಗೆ ಕಾಣಲಿಲ್ಲ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಘಟನೆ ನಡೆದ ದಿನದಿಂದ ಎರಡು ವರ್ಷವಷ್ಟೇ. ಹಳೆ ಹರಾಜಿನ ಬಗ್ಗೆ ತಡವಾಗಿರುತ್ತದೆ, ಹಣ ಪೂರ್ತಿ ಕಟ್ಟಿಸಿಕೊಂಡು ಪತ್ರ ಕೊಡದಂಥ ಹೊಸ ತಪ್ಪಿಗೆ ಮಾತ್ರ ಸರಿ.

ಕ್ರೆಡಿಟ್ ರಿಪೋರ್ಟ್ ಮತ್ತು ಆರ್‌ಸಿ

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಯಿರಿ, ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಕಾಲಮಿತಿ ಮುಗಿದ ಕಾರಣಕ್ಕೆ ‘ರೈಟನ್ ಆಫ್’ (ವಸೂಲಾಗದ್ದೆಂದು ಲೆಕ್ಕದಿಂದ ತೆಗೆದದ್ದು) ಎಂಬ ಗುರುತು ಹೋಗುವುದಿಲ್ಲ, ಹಾಗೆ ಮಾಡಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ರಾಜಿ ಮಾಡಿಕೊಂಡರೂ ಅಲ್ಲಿ ಬರುವುದು ‘ಸೆಟಲ್ಡ್’, ‘ಕ್ಲೋಸ್ಡ್’ ಅಲ್ಲ. ಹೊಸ ಸಾಲ ಕೊಡುವವರು ಎರಡನ್ನೂ ಒಂದೇ ಎಂದು ನೋಡುವುದಿಲ್ಲ. ತಿದ್ದಿಸಬಹುದಾದದ್ದು ತಪ್ಪು ಮಾಹಿತಿ: ಮಾರಾಟದ ಹಣ ಕಳೆಯದ ಬಾಕಿ, ಸಾಲ ಕೊಂಡ ಕಂಪನಿ ಮತ್ತು ಹಳೆ ಕಂಪನಿ ಎರಡೂ ಒಂದೇ ಬಾಕಿಯನ್ನು ತೋರಿಸುವುದು, ಯಾರದೋ ಖಾತೆ ನಿಮ್ಮ ಹೆಸರಿನಲ್ಲಿರುವುದು. ಆನ್‌ಲೈನ್‌ನಲ್ಲಿ ದೂರು ಹಾಕಿ 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಈ ಸೇವೆ ಚೆನ್ನಾಗಿಯೇ ನಡೆಯುತ್ತದೆ, ಖಾತೆ ಪಟ್ಟಿ ಮತ್ತು ಮಾರಾಟದ ದಾಖಲೆಯನ್ನು ಜೊತೆಗಿಟ್ಟರೆ.

ಆರ್‌ಸಿ ವಿಷಯ ಎಲ್ಲರೂ ಮರೆಯುತ್ತಾರೆ. ಹರಾಜಿನಲ್ಲಿ ಕೊಂಡವನು ವರ್ಗಾವಣೆ ಮಾಡಿಸದಿದ್ದರೆ ಕೆಎ-34, ಕೆಎ-36 ಅಥವಾ ಕೆಎ-37 ನಂಬರಿನ ಆ ಕಾರು ಇವತ್ತಿಗೂ ನಿಮ್ಮ ಹೆಸರಿನಲ್ಲೇ ಓಡುತ್ತಿರಬಹುದು. ಟ್ರಾಫಿಕ್ ದಂಡದ ಚಲನ್ ನಿಮಗೆ ಬರುತ್ತದೆ. ಮಾರಿದ ಗಾಡಿಯ ನೋಂದಣಿ ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕರ ಹೆಸರಿನ ಕೆಲವು ಅಕ್ಷರಗಳು, ವಿಮೆಯ ಅವಧಿ, ಎಚ್‌ಪಿ (ಗಾಡಿಯ ಮೇಲಿನ ಸಾಲದ ನಮೂದು) ಇದೆಯೋ ಇಲ್ಲವೋ ಕಾಣುತ್ತದೆ. ನಿಮ್ಮ ಹೆಸರೇ ಇದ್ದರೆ ಸೀಜ್ ಮಾಡಿದ ತಾರೀಕು, ಸಾಲದ ಖಾತೆ ಸಂಖ್ಯೆ, ಹರಾಜಿನ ವಿವರ ಬರೆದು ಆರ್‌ಟಿಒಗೆ ಅರ್ಜಿ ಕೊಡಿ, ಕಂಪನಿಗೂ ಒಂದು ಪ್ರತಿ. ಮೋಟಾರು ವಾಹನ ಕಾಯ್ದೆಯ 51(5)ನೇ ಕಲಂ ಪ್ರಕಾರ ಸೀಜ್ ಮಾಡಿದ ಫೈನಾನ್ಸ್ ಕಂಪನಿ ನಮೂನೆ 36ರಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಹೊಸ ಆರ್‌ಸಿ ಮಾಡಿಸಿಕೊಳ್ಳಬಹುದು. ಅದನ್ನು ಮಾಡಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಆರ್‌ಟಿಒ ಕೌಂಟರಿನಲ್ಲಿ ಅರ್ಜಿಯ ಎರಡನೇ ಪ್ರತಿಗೆ ತಾರೀಕು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ಆ ಕಾರಿನ ಮೇಲೆ ಅಪಘಾತದ ಕೇಸು ಬಂದರೆ, ಗಾಡಿ ನಿಮ್ಮ ಕೈಯಲ್ಲಿ ಇರಲಿಲ್ಲ ಎಂದು ಮೊದಲೇ ತಿಳಿಸಿದ್ದಿರಿ ಎನ್ನುವುದಕ್ಕೆ ಆ ಮುದ್ರೆಯ ಹಾಳೆಯನ್ನೇ ಕೋರ್ಟಿನಲ್ಲಿ ಹಾಜರುಪಡಿಸಬೇಕಾಗುತ್ತದೆ.